ವಿಶಾಲಾಕ್ಷಿಯ ಊಟ

ಕಣದಲ್ಲಿ ಒಣಗಲು ಹರವಿದ್ದ ಪಾರ್ಚ್‌ಮೆಂಟ್ ಕಾಫಿ ಬೀಜವನ್ನು ಹೆಂಗಸರು ಕಾಲಿನಿಂದ ಸಾಲು ಎಳೆಯುತ್ತ ಮಗುಚುತ್ತಿದ್ದರು. ಗೋದಾಮಿನ ನೆರಳಿನಲ್ಲಿ ನಿಂತು ನೋಡುತ್ತಿದ್ದ ಸುಬ್ಬಯ್ಯನಿಗೆ, ಇವರೆಲ್ಲ ಬೆಳಿಗ್ಗೆ ಏನು ತಿಂದು ಬಂದಿರಬಹುದು ಎಂಬ ಯೋಚನೆ ಎಲ್ಲಿಂದಲೋ ಬಂತು. ಬಂದದ್ದು ಹೋಗಲಿಲ್ಲ. ಬಣಕಲ್ಲಿನ ಮೇಲಿನ ಈ ತೋಟಕ್ಕೆ ಅವನು ರೈಟರ್ ಆಗಿ ಬಂದಾಗ ಮೀಸೆ ಕಪ್ಪಗಿತ್ತು, ಈಗ ಹುಬ್ಬೂ ನೆರೆತಿದೆ. ಯಾರು ಎಷ್ಟು ಹಣ್ಣು ಕುಯ್ದರು, ಯಾರು ಗೈರು, ಯಾರ ಚೀಲದಲ್ಲಿ ಎಲೆ ಕಡ್ಡಿ ಹೆಚ್ಚು ಎಂಬುದೆಲ್ಲ ಅವನಿಗೆ ಬಾಯಿಪಾಠ. ಆದರೆ ಯಾರು ಏನು ಉಂಡರು ಎನ್ನುವುದು ರೈಟರ್ ಕೇಳುವ ಮಾತಲ್ಲ. ಗಂಡನಾದವನು ಕೇಳುವ ಮಾತೂ ಅಲ್ಲವೆಂದು ಮೊನ್ನೆಯವರೆಗೆ ಅವನು ತಿಳಿದಿದ್ದ. ತಿಳಿದಿದ್ದ ಎನ್ನುವುದೂ ತಪ್ಪು. ಅಲ್ಲಿ ತಿಳಿಯಬೇಕಾದದ್ದು ಏನಾದರೂ ಇದೆಯೆಂದೇ ಅವನಿಗೆ ಹೊಳೆದಿರಲಿಲ್ಲ.

ಮೊನ್ನೆ ಮಂಗಳೂರಿನ ಆಸ್ಪತ್ರೆಯಲ್ಲಿ, ಕಿಟಕಿಯ ಬಿಸಿಲಿಗೆ ಬೆನ್ನು ಮಾಡಿ ಕುಳಿತಿದ್ದ ಸರ್ಜನ್ ಡಾಕ್ಟರು ವಿಶಾಲಾಕ್ಷಿಯ ಕಣ್ಣಿನ ರೆಪ್ಪೆ ಎಳೆದು ನೋಡಿದ್ದರು. ಅವಳ ತೋಳಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟು, ಅದು ಹಿಡಿದ ಹಾಗೆಯೇ ನಿಂತುಬಿಟ್ಟದ್ದನ್ನು ದಿಟ್ಟಿಸುತ್ತ, "ಮನೇಲಿ ಏನು ಊಟ ಮಾಡ್ತಾರೆ ಇವರು?" ಎಂದು ಕೇಳಿದ್ದರು. ಅವಳನ್ನಲ್ಲ, ಅವನನ್ನು.

"ಎಲ್ಲಾ ಮಾಡ್ತಾಳೆ ಸಾರ್."

"ಎಲ್ಲಾ ಅಂದ್ರೆ?"

"ಅನ್ನ, ಸಾರು... ನಾವು ತಿನ್ನೋದೇ."

"ಎಷ್ಟು? ಬೆಳಿಗ್ಗೆ ಏನು ತಿಂತಾರೆ? ರಾತ್ರಿ?"

ಅವನು ಹೆಂಡತಿಯ ಮುಖ ನೋಡಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದಳು. ಪಕ್ಕದಲ್ಲಿ ಕುಳಿತವನಿಗೆ ಉತ್ತರ ಬಾರದೆಂದು ಗೊತ್ತಿದ್ದೂ ಹೇಳಿಕೊಡಲಾಗದ ಹುಡುಗಿಯ ಹಾಗೆ. "ರಾತ್ರಿನೂ ಮಾಡ್ತಾಳೆ ಸಾರ್," ಎಂದ ಸುಬ್ಬಯ್ಯ. ಹಾಗೆನ್ನುವಾಗ ಅವನಿಗೆ ತಾನು ಸುಳ್ಳು ಹೇಳುತ್ತಿದ್ದೇನೆ ಎನ್ನಿಸಲಿಲ್ಲ. ಸುಳ್ಳು ಹೇಳಬೇಕಾದರೆ ನಿಜ ಗೊತ್ತಿರಬೇಕಲ್ಲ.

ದೊಡ್ಡ ಕರುಳಿನಲ್ಲಿ ಗಡ್ಡೆ. ಮಳೆಗಾಲದಿಂದಲೇ ರಕ್ತ ಹೋಗುತ್ತಿತ್ತಂತೆ. ಹೇಳಿಕೊಳ್ಳುವಂಥ ಜಾಗವಲ್ಲವೆಂದು ಅವಳು ಹೇಳಿರಲಿಲ್ಲ. ದೀಪಾವಳಿಯ ಮಾರನೆಯ ದಿನ ಬಚ್ಚಲಲ್ಲಿ ತಲೆಸುತ್ತಿ ಬಿದ್ದ ಮೇಲೆ ಮೂಡಿಗೆರೆ, ಅಲ್ಲಿಂದ ಚಿಕ್ಕಮಗಳೂರು, ಅಲ್ಲಿಂದ ಘಾಟಿಯಿಳಿದು ಮಂಗಳೂರು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ಇದೇ ಅಳತೆಯ ಗಡ್ಡೆ ಇದ್ದ ಇಬ್ಬರಿಗೆ ಒಂದೇ ವಾರದಲ್ಲಿ ನಾನು ಆಪರೇಷನ್ ಮಾಡಿದ್ದಿದೆ. ಒಬ್ಬರು ನಡ್ಕೊಂಡು ಮನೆಗೆ ಹೋದ್ರು. ಇನ್ನೊಬ್ಬರು ಹೋಗ್ಲಿಲ್ಲ. ಗಡ್ಡೆಯಲ್ಲಿ ವ್ಯತ್ಯಾಸ ಇರ್ಲಿಲ್ಲ, ಬಂದಾಗ ಮೈಯಲ್ಲಿ ಎಷ್ಟು ಉಳಿದಿತ್ತು ಅನ್ನೋದ್ರಲ್ಲಿತ್ತು. ಕರುಳು ಕತ್ತರಿಸಿ ಹೊಲೀಬಹುದು. ಹೊಲಿದದ್ದು ಕೂಡ್ಬೇಕಲ್ಲ? ಕೂಡ್ಸೋದು ನಾನಲ್ಲ, ಅವರ ರಕ್ತ. ಇವರ ರಕ್ತದಲ್ಲಿ ಪ್ರೋಟೀನೇ ಇಲ್ಲ. ಈಗ ಕತ್ತಿ ಇಟ್ರೆ..." ಅಷ್ಟಕ್ಕೆ ನಿಲ್ಲಿಸಿ ಕನ್ನಡಕವನ್ನು ಮತ್ತೆ ಏರಿಸಿಕೊಂಡರು. "ಮೂರು ವಾರ ಕೊಡ್ತೇನೆ. ತಿನ್ನಿಸಿ ಕರ್ಕೊಂಡು ಬನ್ನಿ. ಅದಕ್ಕಿಂತ ಹೆಚ್ಚು ಕಾಯೋಕೆ ಗಡ್ಡೆ ಬಿಡಲ್ಲ."

ಚಾರ್ಮಾಡಿ ಹತ್ತುವ ಬಸ್ಸಿನಲ್ಲಿ ವಿಶಾಲಾಕ್ಷಿ ಕಿಟಕಿಯ ಸರಳಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಪ್ರತಿ ತಿರುವಿನಲ್ಲೂ ಅವಳ ಮೈ ಇವನ ಕಡೆಗೆ ವಾಲುತ್ತಿತ್ತು, ವಾಲಿದ್ದು ಗೊತ್ತಾಗದಷ್ಟು ಹಗುರವಾಗಿ. ಅವಳು ಉಣ್ಣುವುದನ್ನು ತಾನು ನೋಡಿದ್ದು ಯಾವಾಗ? ಸುಬ್ಬಯ್ಯ ನೆನಪಿನಲ್ಲಿ ಹಿಂದೆ ಹಿಂದೆ ನಡೆಯುತ್ತ ಹೋದ. ಬಡಿಸುವ ಕೈ ಕಂಡಿತು, ಸೌಟಿನಿಂದ ಸಾರು ಸುರಿಯುವಾಗ ಮುಂದಕ್ಕೆ ಜಾರುವ ಬಳೆಗಳು ಕಂಡವು, ಒಲೆಯೂದುವ ಬೆನ್ನು ಕಂಡಿತು. ಮಧ್ಯಾಹ್ನ ಉಂಡು ಪಡಸಾಲೆಯ ಬೆಂಚಿನ ಮೇಲೆ ಮುಖಕ್ಕೆ ಪೇಪರು ಮುಚ್ಚಿಕೊಂಡು ಮಲಗಿದಾಗ ಒಳಗಿನಿಂದ ತಟ್ಟೆಯ ಸದ್ದು ಕೇಳುತ್ತಿತ್ತು. ಅದು ಉಣ್ಣುವ ಸದ್ದೋ ತೊಳೆಯುವ ಸದ್ದೋ? ಎರಡಕ್ಕೂ ನಡುವೆ ಎಷ್ಟು ಹೊತ್ತು ಇರುತ್ತಿತ್ತು? ಮದುವೆಯ ದಿನ ಒಂದೇ ಎಲೆಯಲ್ಲಿ ಕೂರಿಸಿದ್ದರು, ಸುತ್ತ ನಿಂತವರು ನಗುತ್ತಿದ್ದರು, ಅವಳು ಹೋಳಿಗೆಯ ತುದಿ ಮುರಿದು ಬಾಯಿಗಿಟ್ಟು ಅಗಿಯದೆ ಕುಳಿತಿದ್ದಳು. ಅಷ್ಟೇ. ಅದರಿಂದೀಚೆಗೆ ಇಷ್ಟೂ ವರ್ಷ ಈ ಹೆಂಗಸು ಏನನ್ನು ತಿಂದು ಬದುಕಿದಳು? ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ, "ಎಂತಾದ್ರೂ ತಿಂತೀಯಾ?" ಎಂದು ಕೇಳಿದ. "ಬೇಡ, ನೀವು ಕಾಫಿ ಕುಡ್ದು ಬನ್ನಿ," ಎಂದಳು. ಅವನು ಇಳಿದುಹೋಗಿ ಕುಡಿದು ಬಂದ. ಲೋಟ ಕೆಳಗಿಟ್ಟ ಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಈಗ ಕಣದಲ್ಲಿ ಗಂಟೆ ಹೊಡೆಯಿತು. ಹೆಂಗಸರು ಬುತ್ತಿ ಬಿಚ್ಚಲು ಹೊರಟರು. ಸುಬ್ಬಯ್ಯ ಕ್ವಾರ್ಟರ್ಸಿನ ಕಡೆ ಬೇಗ ಬೇಗ ಹೆಜ್ಜೆ ಹಾಕಿದ.

"ಇವತ್ತು ನೀನು ಮೊದಲು ಕೂತ್ಕೋ. ನನ್ನೆದುರಿಗೆ," ಎಂದ, ಕೈಕಾಲು ತೊಳೆಯುತ್ತ. ಅದು ಆಜ್ಞೆಯಂತೆ ಕೇಳಿಸಿತು. ವಿಶಾಲಾಕ್ಷಿ ಒಂದು ಗಳಿಗೆ ಅವನನ್ನೇ ನೋಡಿ, ತಟ್ಟೆ ಹಾಕಿಕೊಂಡು ಕುಳಿತಳು. ಅವನು ಎದುರಿಗೆ ಮಣೆಯ ಮೇಲೆ. ಅವಳು ಅನ್ನ ಕಲಸಿದಳು, ಕಲಸುತ್ತಲೇ ಇದ್ದಳು. ಬೆರಳುಗಳು ಅನ್ನವನ್ನು ಗುಂಡಗೆ ಮಾಡುವುದು, ಮತ್ತೆ ಹರಡುವುದು. ಒಂದು ತುತ್ತು ಎತ್ತಿ ಬಾಯಿಯ ಹತ್ತಿರ ತಂದಾಗ ಅವಳ ಎಡಗೈ ತಾನಾಗಿ ಸೆರಗೆಳೆದು ಬಾಯಿಗೆ ಮರೆಮಾಡಿತು. ಕತ್ತಿನ ನರಗಳು ಬಿಗಿದುಕೊಂಡವು. ನುಂಗಲಿಲ್ಲ. ಕೆನ್ನೆಯೊಂದು ಕಡೆ ಉಬ್ಬಿತ್ತು, ಕಣ್ಣಲ್ಲಿ ನೀರು. ತಾನು ನೋಡಬಾರದ್ದನ್ನು ನೋಡುತ್ತಿದ್ದೇನೆ, ಹರೆಯದಲ್ಲಿ ಕತ್ತಲೆಯಲ್ಲೂ ಕಾಣದಿದ್ದುದನ್ನು ಈ ಹಗಲಲ್ಲಿ ಬಲವಂತವಾಗಿ ಬಿಚ್ಚಿಸುತ್ತಿದ್ದೇನೆ ಎಂದು ಸುಬ್ಬಯ್ಯನಿಗೆ ನಾಚಿಕೆಯಾಯಿತು. ಆದರೂ ಏಳಲಿಲ್ಲ. "ನುಂಗು," ಎಂದ. ಅವಳು ನುಂಗಿದಳು. "ಇನ್ನೊಂದು." ಹೀಗೆ ಆ ತಟ್ಟೆ ಖಾಲಿಯಾಗುವ ಹೊತ್ತಿಗೆ ಇಬ್ಬರೂ ಬೆವತಿದ್ದರು.

ಮೊಟ್ಟೆ ಕೊಡಿ ಎಂದಿದ್ದರು ಡಾಕ್ಟರು. ಮಾಂಸ ಮೊಟ್ಟೆ ಹೊಸ್ತಿಲು ದಾಟದ ಮನೆ ಅವರದ್ದು. "ಅದೊಂದು ಬೇಡ," ಎಂದಿದ್ದಳು ವಿಶಾಲಾಕ್ಷಿ. ಸುಬ್ಬಯ್ಯ ಮಾತ್ರ ಬಣಕಲ್ಲಿಗಿಳಿದು, ಜಿಯಾಉದ್ದೀನ್ ಸಾಹೇಬರ ಅಂಗಡಿಯ ಮುಂದೆ ಬೇರೆ ಗಿರಾಕಿಗಳು ಕರಗುವವರೆಗೂ ಬೀಡಿ ಹಚ್ಚಿಕೊಂಡು ನಿಂತ. ಎದುರಿನ ಜಗಲಿಯಲ್ಲಿ ಕುಳಿತಿದ್ದ ಪರಿಚಯದ ಭಟ್ಟರೊಬ್ಬರು ಇವನನ್ನೇ ನೋಡುತ್ತಿದ್ದಾರೆ ಎನ್ನಿಸಿ, ಬೇಡದಿದ್ದರೂ ಒಂದು ಬೆಂಕಿಪೊಟ್ಟಣ ಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ ಮೊಟ್ಟೆ ಕೇಳಿದ. ಜಿಯಾಉದ್ದೀನ್ ತಲೆಯೆತ್ತಲಿಲ್ಲ. ಒಂದೊಂದನ್ನೂ ಬಲ್ಬಿನ ಬೆಳಕಿಗೆ ಹಿಡಿದು ನೋಡಿ, ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಮತ್ತೊಂದು ಪೇಪರು ಸುತ್ತಿ, ಚೀಲದ ತಳದಲ್ಲಿಟ್ಟು ಮೇಲೆ ಈರುಳ್ಳಿ ಸುರಿದರು. "ಈರುಳ್ಳಿ ನಾನು ಕೇಳ್ಲಿಲ್ವಲ್ಲ ಸಾಹೇಬ್ರೆ?" "ಇರ್ಲಿ ರೈಟ್ರೆ, ಚೀಲ ಎತ್ತಿದ್ರೆ ಈರುಳ್ಳಿ ಥರ ಕಾಣ್ಬೇಕಲ್ವಾ," ಎಂದರು. "ಅಮ್ಮೋರಿಗೆ ಗುಣ ಆಗ್ಲಿ." ತನ್ನನ್ನು ಹೀಗೆ ಅರ್ಥಮಾಡಿಕೊಂಡದ್ದೂ ಒಂದು ಅವಮಾನವೇ ಎನ್ನಿಸಿತು ಸುಬ್ಬಯ್ಯನಿಗೆ. ಏರುದಾರಿಯುದ್ದಕ್ಕೂ ಚೀಲವನ್ನು ಎದೆಗವುಚಿಕೊಂಡು ನಡೆದ. ಮನೆಯಲ್ಲಿ, ಮೊದಲ ಸಲ ಒಲೆಯ ಮುಂದೆ ಕುಳಿತು, ಬಿಸಿ ಹಾಲಿಗೆ ಮೊಟ್ಟೆ ಒಡೆದು ಹಾಕಿ ಕದಡಿದ. ಹಾಲು ಒಡೆದು ಗಂಟುಗಂಟಾಯಿತು. ಅದನ್ನೇ ಸೋಸಿ, ಸಕ್ಕರೆ ಸುರಿದು ತಂದು ಹಿಡಿದ. ವಿಶಾಲಾಕ್ಷಿ ಲೋಟ ಮೂಸಿ ನೋಡಿದಳು. ಗಂಡನ ಕೈಯ ಮಸಿ ನೋಡಿದಳು. ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಕುಡಿದಳು.

ವಾರಕ್ಕೊಮ್ಮೆ ತೂಕ ನೋಡಿಸಿ ಎಂದೂ ಹೇಳಿದ್ದರು. ಭಾನುವಾರ ಕೆಲಸದವರು ಸಂತೆಗೆ ಹೋದ ಮೇಲೆ ಗೋದಾಮಿನ ಬೀಗ ತೆಗೆದು, ಚೀಲ ತೂಗುವ ಯಂತ್ರದ ಹಲಗೆಯನ್ನು ಪಂಚೆಯ ತುದಿಯಲ್ಲಿ ಒರೆಸಿ, "ಹತ್ತು," ಎಂದ. ಅವಳು ಚಪ್ಪಲಿ ಬಿಟ್ಟು, ದೇವಸ್ಥಾನದ ಮೆಟ್ಟಿಲು ಹತ್ತುವವಳಂತೆ ಸೀರೆ ಚೂರು ಮೇಲೆತ್ತಿ ಹತ್ತಿದಳು. ತೂಕದ ಕಲ್ಲುಗಳನ್ನು ಇಡುತ್ತ, ತೆಗೆಯುತ್ತ, ಸಣ್ಣದು ಹಾಕುತ್ತ ಸುಬ್ಬಯ್ಯನ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಕೋಲು ಸಮನಾಯಿತು. ಒಂದು ಚೀಲ ಪಾರ್ಚ್‌ಮೆಂಟಿಗಿಂತ ಕಡಿಮೆ. ಹಾಗೆ ಅಂದುಕೊಂಡವನೇ, ಅಭ್ಯಾಸಬಲದಿಂದ ಗೋಣಿಯ ತೂಕ ಕಳೆಯತೊಡಗಿದ. ಸೀರೆಗಿಷ್ಟು, ಬಳೆಗಿಷ್ಟು, ಕತ್ತಿನ ತಾಳಿಗಿಷ್ಟು. ಕಳೆಯುತ್ತ ಕಳೆಯುತ್ತ ತಾನು ಮಾಡುತ್ತಿರುವುದೇನೆಂದು ತಿಳಿದು ಕೈ ಯಂತ್ರದ ಕಂಬಕ್ಕೆ ಅಂಟಿಕೊಂಡಿತು. ಅದೇ ಹೊತ್ತಿಗೆ ಬಾಗಿಲಲ್ಲಿ ನೆರಳಾಡಿತು. ಕಡೂರು ಕಡೆಯಿಂದ ಕುಯ್ಲಿಗೆ ಬಂದಿದ್ದ ಸಿದ್ದಗಂಗಮ್ಮ, ಜೊತೆಗೆ ಇನ್ನಿಬ್ಬರು ಹೆಂಗಸರು. ಸಂತೆಗೆ ಹೋಗದೆ ಉಳಿದವರು, ಗೋದಾಮು ತೆರೆದದ್ದು ಕಂಡು ಬಂದಿದ್ದರು. ಯಜಮಾನಿತಿಯಂತೆ ಓಡಾಡುತ್ತಿದ್ದ ರೈಟರಮ್ಮ ಕಾಫಿ ಚೀಲದ ಜಾಗದಲ್ಲಿ ಬರಿಗಾಲಲ್ಲಿ ನಿಂತಿರುವುದನ್ನು ಅವರು ನೋಡಿದರು. ವಿಶಾಲಾಕ್ಷಿ ಇಳಿಯಲು ಹೋಗಿ ತೂರಾಡಿದಳು. ಸುಬ್ಬಯ್ಯ ಕಂಬ ಬಿಟ್ಟು ಓಡುವುದರೊಳಗೆ ಸಿದ್ದಗಂಗಮ್ಮ ಅವಳ ಕಂಕುಳಿಗೆ ಕೈಕೊಟ್ಟು ಇಳಿಸಿದ್ದಳು. "ಏನ್ರವ್ವಾ, ಹಕ್ಕಿ ಹಂಗಾಗೀರಲ್ಲ," ಎಂದಳು, ಮುಚ್ಚುಮರೆಯಿಲ್ಲದೆ. ಸುಬ್ಬಯ್ಯ ಆ ಮಾತನ್ನು ಇಷ್ಟು ದಿನ ತಾನೇಕೆ ಆಡಲಿಲ್ಲವೆಂದು ಯೋಚಿಸಿದ. ಅವಳು ಸಣ್ಣಗಾಗುತ್ತಿದ್ದುದು ಅವನ ಕಣ್ಣಿಗೆ ಬಿದ್ದಿತ್ತು. ವಯಸ್ಸಾದಂತೆ ಕೆಲವರು ದಪ್ಪಗಾಗುತ್ತಾರೆ, ಕೆಲವರು ಸಣ್ಣಗಾಗುತ್ತಾರೆ ಎಂದುಕೊಂಡಿದ್ದ. ಕಾಫಿಗೆ ಬೆಲೆ ಬಂದ ವರ್ಷವದು. ಪೇಟೆಯಲ್ಲಿ ಹೆಂಗಸರೆಲ್ಲ ಊದಿಕೊಳ್ಳುತ್ತಿದ್ದರು. ತನ್ನ ಹೆಂಡತಿ ಹಾಗಾಗಲಿಲ್ಲವೆಂದು ಒಂದೆರಡು ಸಲ ಹೆಮ್ಮೆಯೂ ಪಟ್ಟಿದ್ದ.

ಎರಡನೆಯ ವಾರ ಅವಳ ತೂಕ ಏರಲಿಲ್ಲ. ಇಳಿದಿತ್ತು. ಸುಬ್ಬಯ್ಯನಿಗೆ ಅರ್ಥವಾಗಲಿಲ್ಲ. ರಾಗಿ ಗಂಜಿ, ಹೆಸರುಬೇಳೆ, ಶೇಂಗಾದ ಉಂಡೆ, ತುಪ್ಪ. ಕೊಟ್ಟದ್ದನ್ನೆಲ್ಲ ಅವಳು ಇಸಿದುಕೊಂಡಿದ್ದಳು, ಪಾತ್ರೆ ಖಾಲಿಯಾಗಿ ಹಿಂದಕ್ಕೆ ಬಂದಿತ್ತು. ತೋಟಕ್ಕೆ ಹೋಗಬೇಕಾದ್ದರಿಂದ ದಿನವೆಲ್ಲ ಎದುರು ಕೂರಲು ಅವನಿಗೆ ಆಗುತ್ತಿರಲಿಲ್ಲ. ಒಂದು ಸಂಜೆ ಬಚ್ಚಲೊಲೆಗೆ ಸೌದೆ ತರಲು ಮನೆಯ ಹಿಂದೆ ಹೋದವನ ಕಾಲಿಗೆ ಇರುವೆ ಮುತ್ತಿಕೊಂಡವು. ಕೆಂಪಿರುವೆಗಳ ದಪ್ಪನೆಯ ಸಾಲು ಕಿತ್ತಳೆ ಗಿಡದ ಬುಡಕ್ಕೆ ಹೋಗುತ್ತಿತ್ತು. ತರಗೆಲೆ ಸರಿಸಿದ. ಶೇಂಗಾದ ಉಂಡೆಗಳು, ಒಣಗಿ ಕರಿಯಾದ ಗಂಜಿ, ಬೇಳೆ. ಎಲ್ಲದರ ಮೇಲೂ ಅಚ್ಚುಕಟ್ಟಾಗಿ ಎಲೆ ಮುಚ್ಚಿತ್ತು. ಅವಳು ಮಾಡಿದ ಎಲ್ಲ ಕೆಲಸದಲ್ಲೂ ಕಾಣುವ ಅಚ್ಚುಕಟ್ಟು.

ಒಳಗೆ ಬಂದವನ ಬಾಯಿಂದ ಬಂದ ಮಾತುಗಳು ಅವನವಲ್ಲ. ಕೂಲಿಯವರ ಮೇಲೂ ಹಾಗೆ ಕೂಗಿದವನಲ್ಲ ಅವನು. "ನಾನೇನು ಹುಚ್ಚನಾ? ಊರವರೆದುರಿಗೆ ಮೊಟ್ಟೆ ಹೊತ್ಕೊಂಡು ಬರೋದು, ಒಲೆ ಮುಂದೆ ಸಾಯೋದು, ನೀನು ಮಣ್ಣಿಗೆ ಹಾಕೋದು! ಸಾಯ್ಬೇಕು ಅಂತಿದ್ರೆ ಹೇಳ್ಬಿಡು ಮಾರಾಯ್ತಿ!" ಅಂದ ಮೇಲೆ ಗೋಡೆಗಳು ಆ ಮಾತನ್ನು ಹಿಡಿದುಕೊಂಡ ಹಾಗಾಯಿತು. ವಿಶಾಲಾಕ್ಷಿ ಈಳಿಗೆಮಣೆಯ ಮುಂದೆ ಕುಳಿತಿದ್ದಳು. ಅವನಿಗೆಂದು ಹಾಗಲಕಾಯಿ ಹೆಚ್ಚುತ್ತಿದ್ದಳು. ಹೆಚ್ಚುವುದನ್ನು ನಿಲ್ಲಿಸಿದಳು.

"ನೋಯ್ತದೆ," ಎಂದಳು. "ತಿಂದು ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಂಡೋಕೆ ಶುರುವಾಗ್ತದೆ. ನಿಮ್ಮೆದುರಿಗೆ ತಿಂದದ್ದು ಒಳಗಿದೆ. ಬಾಕಿದ್ದು ಆಗ್ಲಿಲ್ಲ."

"ಹೇಳ್ಬಾರ್ದಿತ್ತಾ?"

"ಒಟ್ಟಿಗೆ ಅಷ್ಟು ತಿಂದು ನಂಗೆ ಅಭ್ಯಾಸ ಇಲ್ಲ. ರಾತ್ರಿ ಅಂತೂ ಇಲ್ವೇ ಇಲ್ಲ."

"ರಾತ್ರಿ ಇಲ್ಲ ಅಂದ್ರೆ?"

ಅವಳು ತಲೆಯೆತ್ತಿ ನೋಡಿದಳು. ಅವಳ ಕಣ್ಣಲ್ಲಿ ಇದ್ದದ್ದು ಸಿಟ್ಟಲ್ಲ, ಆಶ್ಚರ್ಯ. "ನಿಮಗೆ ಗೊತ್ತಿತ್ತು ಅಂದ್ಕೊಂಡಿದ್ದೆ." ಹೆಚ್ಚಿದ ಹೋಳುಗಳನ್ನು ಒಂದೆಡೆ ಸರಿಸಿದಳು. "ಮಕ್ಕಳಾಗ್ಲಿ ಅಂತ ಸೋಮವಾರ ಹಿಡ್ದಿದ್ದೆವಲ್ಲ. ಆಮೇಲೆ ನಿಮ್ಮಮ್ಮ ಶುಕ್ರವಾರನೂ ಹಿಡಿ ಅಂದ್ರು. ಹೊರನಾಡಿಗೆ ಹೋಗಿ ಬಂದ್ಮೇಲೆ ಶನಿವಾರ. ಹೀಗೇ ಒಂದೊಂದು ಸೇರಿ ರಾತ್ರಿ ಊಟವೇ ನಿಂತುಹೋಯ್ತು."

"ಮಕ್ಕಳ ಆಸೆ ಬಿಟ್ಟು ಎಷ್ಟು ಕಾಲ ಆಯ್ತು!"

"ಹೌದು. ಬಿಡು ಅಂತ ಯಾರೂ ಹೇಳ್ಲಿಲ್ಲ."

ಸುಬ್ಬಯ್ಯ ಅಲ್ಲೇ ನೆಲದ ಮೇಲೆ ಕುಳಿತ. ವರ್ಷಗಟ್ಟಲೆ ರಾತ್ರಿಗಳು ಒಂದರ ಹಿಂದೊಂದು ಬಂದು ನಿಂತವು. ತಾನುಂಡು ಎದ್ದು, ಎಲೆಯಡಿಕೆ ಹಾಕಿಕೊಂಡು, ರೇಡಿಯೋದ ಕಿವಿ ತಿರುವುತ್ತಿದ್ದ ರಾತ್ರಿಗಳು. ಒಳಗೆ ದೀಪವಾರಿಸಿ ಅವಳು ಬಂದು ಮಲಗುತ್ತಿದ್ದ ರಾತ್ರಿಗಳು. ಅವಳ ಹೊಟ್ಟೆ ಕತ್ತಲಲ್ಲಿ ಗುರ್ ಎಂದದ್ದು ಒಮ್ಮೆ ಕೇಳಿ, "ವಾಯು ಆಗಿದೆ, ಓಮ ತಿನ್ನು," ಎಂದು ಹೇಳಿ ಮಗ್ಗುಲು ಬದಲಿಸಿದ್ದು ನೆನಪಾಯಿತು. ವ್ರತ ಹಿಡಿದಾಗ ಇಬ್ಬರೂ ಜೊತೆಗೆ ಸಂಕಲ್ಪ ಮಾಡಿದ್ದರು. ಭಟ್ಟರು ಇವನ ಕೈಗೂ ಅಕ್ಷತೆ ಕೊಟ್ಟಿದ್ದರು. ಆಸೆಯನ್ನು ಇವನು ಯಾವ ವರ್ಷವೋ ಸದ್ದಿಲ್ಲದೆ ಕೆಳಗಿಳಿಸಿ ಬೇರೆ ಕೆಲಸ ನೋಡಿಕೊಂಡ. ಇಳಿಸಿದ್ದೇನೆಂದು ಅವಳಿಗೆ ಹೇಳಬೇಕೆಂದು ತೋಚಲೇ ಇಲ್ಲ. ಅವಳು ಹೊತ್ತುಕೊಂಡೇ ಇದ್ದಳು. ಗಡ್ಡೆ ಅದರಿಂದ ಬಂದದ್ದಲ್ಲ ಎಂದು ಬುದ್ಧಿ ಹೇಳಿತು. ಆದರೆ ಗಡ್ಡೆ ಬಂದ ದಿನ ಎದುರು ನಿಲ್ಲಲು ಮೈಯಲ್ಲಿ ಏನೂ ಉಳಿದಿರಲಿಲ್ಲವಲ್ಲ, ಅದು?

"ಈಗ ಹೇಳ್ತೀನಿ," ಎಂದ. "ಬಿಟ್ಬಿಡು."

ಅವಳು ಅವನನ್ನು ನೋಡಿದಳು. ಕೆಮ್ಮಿದ ಹಾಗೆ ಏನೋ ಸದ್ದು ಬಂತು. ಅಳುತ್ತಿದ್ದಾಳೆಂದು ಸುಬ್ಬಯ್ಯ ಗಾಬರಿಯಾದ, ಅವಳು ನಗುತ್ತಿದ್ದಳು. ನೋವಿಗೆ ಹೊಟ್ಟೆ ಹಿಡಿದುಕೊಂಡು, ಹಾಗಲಕಾಯಿಯ ಕೈಯನ್ನು ಮೊಣಕಾಲಿಗೆ ಒರೆಸಿಕೊಂಡು, ತಡೆಯಲಾರದೆ ನಗುತ್ತಿದ್ದಳು. "ಆಯ್ತು," ಎಂದಳು ಕೊನೆಗೆ. "ಬಿಟ್ಟೆ."

ಮಾರನೆಯ ದಿನದಿಂದ ಅವರು ಬೇರೆ ರೀತಿ ಮಾಡಿದರು. ಅದು ಯಾರ ಯೋಚನೆಯೆಂದು ಆಮೇಲೆ ಇಬ್ಬರಿಗೂ ನೆನಪಿರಲಿಲ್ಲ. ಗಂಜಿಯನ್ನು ತೆಳ್ಳಗೆ, ಒಂದು ಸಣ್ಣ ಲೋಟದಷ್ಟು. ಸ್ವಲ್ಪ ಹೊತ್ತು ಬಿಟ್ಟು ಹಾಲು. ಮತ್ತೆ ಸ್ವಲ್ಪ ಹೊತ್ತಿಗೆ ನುಣ್ಣಗೆ ಬೇಯಿಸಿ ಕಿವುಚಿದ ಬೇಳೆ. ಧಣಿಗಳ ಹತ್ತಿರ ಹೋಗಿ, ಕಣದ ಮೇಲ್ವಿಚಾರಣೆ ಬಿಟ್ಟು ಉಳಿದದ್ದನ್ನು ಮೇಸ್ತ್ರಿ ಮಂಜಯ್ಯನಿಗೆ ವಹಿಸಿ ಎಂದು ಸುಬ್ಬಯ್ಯ ಕೇಳಿಕೊಂಡ. ಜೀವಮಾನದಲ್ಲಿ ಮೊದಲ ಸಲ ಕೇಳಿದ್ದು. ಅವಳು ಉಣ್ಣುವಾಗ ಅವನು ಅಡುಗೆಮನೆಯ ಹೊಸ್ತಿಲ ಮೇಲೆ ಅವಳಿಗೆ ಬೆನ್ನು ಮಾಡಿ, ಹೊರಗೆ ಮುಖ ಮಾಡಿ ಕುಳಿತುಕೊಳ್ಳುತ್ತಿದ್ದ. ಸಿಲ್ವರ್ ಓಕ್ ಮರದ ತುದಿಗಳನ್ನು ನೋಡುತ್ತ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದ: ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಬೆಲ್ಟು ಹರಿದದ್ದು, ಕಾಡಿನಿಂದ ಬಂದ ಕಾಟಿಗಳು ಬೇಲಿ ಮುರಿದದ್ದು, ಕುದುರೆಮುಖದಲ್ಲಿ ಕೆಲಸ ಸಿಕ್ಕ ಯಾರೋ ಹುಡುಗನ ಜಂಬ. ಹೇಳುತ್ತ ಹಿಂದಿನ ಸದ್ದುಗಳಿಗೆ ಕಿವಿ ಕೊಡುತ್ತಿದ್ದ. ಚಮಚ ಲೋಟಕ್ಕೆ ತಾಗಿದ ಸದ್ದು. ನಿಲುಗಡೆ. ನುಂಗಿದ ಸದ್ದು. ಅದು ಇಷ್ಟು ಸಣ್ಣ ಸದ್ದು ಎಂದು ಅವನಿಗೆ ಗೊತ್ತಿರಲಿಲ್ಲ. ನೋವು ಬಂದರೆ ಅವಳು "ಸಾಕು" ಎನ್ನುತ್ತಿದ್ದಳು, ಅವನು ಸಾಕೆಂದೇ ಒಪ್ಪುತ್ತಿದ್ದ. ಕೆಲವೊಮ್ಮೆ ಅವನ ಮಾತು ಮುಗಿದುಹೋದಾಗ, "ಆಮೇಲೆ?" ಎಂದು ಅವಳೇ ಕೇಳುತ್ತಿದ್ದಳು. ಇಷ್ಟು ಮಾತನ್ನು ತಾನು ಇವಳ ಹತ್ತಿರ ಯಾವತ್ತೂ ಆಡಿರಲಿಲ್ಲ ಎನ್ನಿಸುತ್ತಿತ್ತು.

ಮೂರು ವಾರ ಕಳೆದು ಘಾಟಿಯಿಳಿದಾಗ ಅವಳ ತೂಕ ಮೊದಲಿದ್ದಲ್ಲಿಂದ ಚೂರು ಮೇಲೆ ಬಂದಿತ್ತು, ಅಷ್ಟೇ. ಡಾಕ್ಟರು ರಕ್ತದ ರಿಪೋರ್ಟನ್ನು ಬಹಳ ಹೊತ್ತು ನೋಡಿದರು. "ಪಾಸ್ ಅನ್ನೋ ಹಾಗಿಲ್ಲ," ಎಂದರು. "ಆದ್ರೆ ಮೊದಲಿನ ಹಾಗೂ ಇಲ್ಲ. ಎರಡು ಬಾಟ್ಲಿ ರಕ್ತ ಕೊಟ್ಟು ಕೈ ಹಾಕೋಣ. ಏನು ತಿನ್ನಿಸಿದ್ರಿ?" ಸುಬ್ಬಯ್ಯ ಒಂದೊಂದಾಗಿ ಹೇಳಿದ. ಯಾವ ಹೊತ್ತಿಗೆ ಯಾವುದು, ಯಾವುದಕ್ಕೆ ನೋವು ಬಂತು, ಯಾವುದು ಇಳಿಯಿತು, ಬೇಳೆಗೆ ಇಂಗು ಹಾಕಿದರೆ ಒಳ್ಳೆಯದೆಂದು ಗೊತ್ತಾದದ್ದು. ಹೇಳುತ್ತ ಹೇಳುತ್ತ ಅವನಿಗೆ ನಿಲ್ಲಿಸಲಾಗಲಿಲ್ಲ. ಡಾಕ್ಟರು ತಡೆಯಲಿಲ್ಲ. ವಿಶಾಲಾಕ್ಷಿ ಈ ಸಲ ನೆಲ ನೋಡುತ್ತಿರಲಿಲ್ಲ, ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದಳು.

ಆಪರೇಷನ್ ಆಯಿತು. ಆಮೇಲಿನದು ಕಾಯುವುದು. ಮೂಗಿನಲ್ಲಿ ನಳಿಗೆ, ಕೈಗೆ ಸೂಜಿ, ಬಾಯಿಗೆ ಏನೂ ಇಲ್ಲ, ಒಂದು ಹನಿ ನೀರೂ ಇಲ್ಲ. ಕರುಳು ಮತ್ತೆ ಎಚ್ಚರವಾಗಬೇಕಂತೆ. ಎಚ್ಚರವಾದದ್ದು ಗೊತ್ತಾಗಬೇಕಾದರೆ ಗಾಳಿ ಹೋಗಬೇಕಂತೆ. ಬೆಳಿಗ್ಗೆ ಸಂಜೆ ನರ್ಸು ಬಂದು ವಾರ್ಡಿಗೆಲ್ಲ ಕೇಳುವಂತೆ, "ಗ್ಯಾಸ್ ಪಾಸಾಯ್ತಾ ಅಮ್ಮಾ?" ಎಂದು ಕೇಳುವುದು, ವಿಶಾಲಾಕ್ಷಿ ಚಾದರವನ್ನು ಮುಖಕ್ಕೆಳೆದುಕೊಳ್ಳುವುದು. ಸುಬ್ಬಯ್ಯನ ಕಿವಿಯೂ ಕೆಂಪಾಗುತ್ತಿತ್ತು. ಒಂದು ದಿನ, ಎರಡು ದಿನ. ಡಾಕ್ಟರು ಹೊಟ್ಟೆಗೆ ಕೊಳವೆಯಿಟ್ಟು ಆಲಿಸಿ ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಅವರ ಹಿಂದೆ ಹೋಗಿ, "ಕೂಡ್ತಾ ಇದೆಯಾ ಸಾರ್?" ಎಂದು ಕೇಳಿದರೆ, "ಜ್ವರ ಬಂದಿಲ್ಲ, ಅದೇ ಒಳ್ಳೇದು. ಕಾಯೋಣ," ಎಂದರು. ಜ್ವರವೆಂದರೆ ಹೊಲಿಗೆ ಬಿಟ್ಟಿದೆಯೆಂದು ಅರ್ಥ ಎಂಬುದನ್ನು ಪಕ್ಕದ ಮಂಚದವರು ಹೇಳಿದ್ದರು. ಸುಬ್ಬಯ್ಯ ಅವಳ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದ. ತನ್ನ ಕೈಯೇ ಬಿಸಿಯೋ ಅವಳ ಹಣೆ ಬಿಸಿಯೋ ತಿಳಿಯದೆ, ಮಂಚದ ಕಬ್ಬಿಣಕ್ಕೆ ಕೈಯೊತ್ತಿ ತಣ್ಣಗೆ ಮಾಡಿಕೊಂಡು ಮತ್ತೆ ಮುಟ್ಟುತ್ತಿದ್ದ. ಇಷ್ಟು ವರ್ಷದಲ್ಲಿ ಒಳಗೇನಿದೆಯೆಂದು ಕೇಳದವನು ಈಗ ಅವಳ ಕರುಳಿನ ಒಂದು ಸದ್ದಿಗಾಗಿ ಮಂಚದ ಪಕ್ಕ ಕಿವಿಯಾಗಿ ಕುಳಿತಿದ್ದ.

ಅವಳು ಬದುಕಿದಳು. ಆಪರೇಷನ್ನಿನಿಂದ ಎದ್ದು, ಔಷಧಿಯ ತಿಂಗಳುಗಳನ್ನೂ ದಾಟಿ, ಹೊಸ ಶತಮಾನ ಬಂದದ್ದನ್ನೂ ನೋಡಿದಳು. ಕಾಫಿಯ ಬೆಲೆ ಬಿದ್ದು ಧಣಿಗಳು ಅರ್ಧ ತೋಟ ಮಾರಿದಾಗಲೂ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ರಾತ್ರಿ ಇಬ್ಬರೂ ಒಟ್ಟಿಗೆ ಉಣ್ಣುತ್ತಿದ್ದರು. ಕೊನೆಗೆ ಆ ರೋಗ ಪಿತ್ತಜನಕಾಂಗಕ್ಕೆ ಹಬ್ಬಿ ಮರಳಿ ಬಂದಾಗ, ಅವಳು ಲೋಟವನ್ನು ಪಕ್ಕಕ್ಕೆ ಸರಿಸಿ ಸಾಕೆಂದಳು. ಅವನು ಆಗಲೂ ಸಾಕೆಂದೇ ಒಪ್ಪಿದ, ಬಲವಂತ ಮಾಡಲಿಲ್ಲ. ಆದರೆ ಅದೆಲ್ಲ ವರ್ಷಗಳ ಮೇಲಿನ ಮಾತು. ಅವಳನ್ನು ನೆನೆದಾಗಲೆಲ್ಲ ಸುಬ್ಬಯ್ಯನಿಗೆ ಕಣ್ಣಿಗೆ ಕಟ್ಟುವುದು ಸತ್ತ ದಿನವಲ್ಲ. ಮಂಗಳೂರಿನ ಆ ವಾರ್ಡಿನ ಒಂದು ಬೆಳಗು.

ಮೂಗಿನ ನಳಿಗೆ ತೆಗೆದ ಮಾರನೆಯ ದಿನ. ಕಿಟಕಿಯಾಚೆ ಕಾಗೆಗಳು ಕೂಗತೊಡಗಿದ್ದವು. ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ ಸುಬ್ಬಯ್ಯನ ಭುಜವನ್ನು ಏನೋ ಮುಟ್ಟಿತು. ಮಂಚದಿಂದ ಇಳಿಬಿದ್ದ ಅವಳ ಕೈ. ಅವನು ದಿಗ್ಗನೆದ್ದು ಹಣೆ ಮುಟ್ಟಿದ, ತಣ್ಣಗಿತ್ತು. "ಎಂತಾಯ್ತು? ನೋವಾ? ನರ್ಸನ್ನ ಕರೀಲಾ?" ಅವಳು ತಲೆಯಾಡಿಸಿದಳು. ತುಟಿಗಳು ಒಣಗಿ ಬಿರಿದಿದ್ದವು. ಏನೋ ಹೇಳಿದಳು. ಅವನು ಬಾಗಿ ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದ.

"ಹಸಿವಾಗ್ತಿದೆ," ಎಂದಳು ವಿಶಾಲಾಕ್ಷಿ.

ಅವನಿಗೆ ಒಂದು ಕ್ಷಣ ಆ ಶಬ್ದದ ಅರ್ಥವೇ ಆಗಲಿಲ್ಲ. ಅವಳ ದನಿಯಲ್ಲಿ ಆ ಮಾತನ್ನು ಅವನು ಕೇಳಿಯೇ ಇರಲಿಲ್ಲ. ಚಪ್ಪಲಿ ಹುಡುಕಲು ಹೋಗಿ ಸಿಗದೆ ಬರಿಗಾಲಲ್ಲಿ ಓಡಿದ. ನರ್ಸಿನ ಮೇಜಿನ ಮುಂದೆ ನಿಂತು ಏದುಸಿರು ಬಿಡುತ್ತ ಹೇಳಿದ. ಆಕೆ ಬಂದು ಹೊಟ್ಟೆ ಮುಟ್ಟಿ, ಅವಳ ಕಿವಿಯಲ್ಲಿ ಏನೋ ಕೇಳಿ, ನಕ್ಕು, "ಗಂಜಿ ತಿಳಿ ಕೊಡ್ಬಹುದು, ಸ್ವಲ್ಪ ಸ್ವಲ್ಪ. ಡಾಕ್ಟರು ನಿನ್ನೇನೇ ಬರ್ದಿದಾರೆ," ಎಂದಳು. ಸುಬ್ಬಯ್ಯ ಮೆಟ್ಟಿಲಿಳಿದು, ಅಂಗಳ ದಾಟಿ, ಆಸ್ಪತ್ರೆಯ ಕ್ಯಾಂಟೀನಿನ ಮುಂದೆ ಬಂದು ನಿಂತ. ಶಟರ್ ಎಳೆದಿತ್ತು. ಒಳಗೆ ಪಾತ್ರೆಗಳ ಸದ್ದು, ಹೊಗೆಯ ವಾಸನೆ. ಯಾರಾದರೂ ಬಾಗಿಲು ತೆಗೆಯುವವರೆಗೆ ಬದಿಗೆ ನಿಂತು ಕಾಯುವ ಮನುಷ್ಯ ಅವನು. ಎಲ್ಲ ಕಚೇರಿಗಳ ಮುಂದೆಯೂ ಹಾಗೆಯೇ ನಿಂತವನು. ಅವನು ಎರಡೂ ಕೈ ಎತ್ತಿ ಶಟರಿಗೆ ಬಡಿದ. ತಗಡು ಗುಡುಗಿದಂತೆ ಸದ್ದು ಮಾಡಿತು, ಅಂಗಳದಲ್ಲಿ ಮಲಗಿದ್ದವರು ಎದ್ದು ಕುಳಿತರು.

"ಯಾರ್ರೀ ಅದು? ಇನ್ನೂ ಟೈಮ್ ಆಗಿಲ್ಲ!" ಒಳಗಿನಿಂದ ಸಿಡುಕಿದ ದನಿ.

"ನನ್ನ ಹೆಂಡತಿಗೆ ಹಸಿವಾಗಿದೆ!" ಎಂದು ಸುಬ್ಬಯ್ಯ ಕೂಗಿದ. ಮತ್ತೆ ಬಡಿದ. "ಕೇಳ್ತಾ? ಹಸಿವಾಗಿದೆಯಂತೆ ಅವಳಿಗೆ!"